ಬೇಲವೋ ಕಾಸರಕವೋ ಎಂಬ ಮಹಾಸಮರ

ಭೂಗರ್ಭವಿದಾರಕ ಯಂತ್ರಘೋಷದಿಂದ ದಶದಿಕ್ಕುಗಳನ್ನೂ ಕಿವುಡಾಗಿಸಿದ ಎಲೈ ಬೋರ್‌ವೆಲ್ ಯುಗವೇ, ನಿನಗೆ ವಂದನೆ! ಕಡಲಾಚೆಯ ಟಾಂಜಾನಿಯಾ ದೇಶದ ತಬೋರಾ ಸೀಮೆಯಲ್ಲಿ, ಚಳ್ಳಕೆರೆಸಂಭೂತನೂ ಪಾತಾಳಗಂಗಾನ್ವೇಷಣಪ್ರವೀಣನೂ ಆದ ತಿಪ್ಪೇಸ್ವಾಮಿಯೆಂಬ ವೀರನು ಒಂದು ಮರದ ಗುರುತು ಹಿಡಿಯಲು ಹೂಡಿದ ಘೋರಸಮರವನ್ನು ಹಾಡುತ್ತೇನೆ. ಆ ವೀರ ನಾನೇ. ಈ ಗಾಥೆ ಬರೆಯಲು ಬೇರೆ ಯಾವ ಕವಿಯೂ ಮುಂದೆ ಬಾರದ ಕಾರಣ ವಿಧಿಯಿಲ್ಲದೆ ನಾನೇ ಕೂತಿದ್ದೇನೆ.

ಮಾರನೆಯ ದಿನ ವೀರನ ಮಗಳ ನಾಮಕರಣ. ಸಾನ್ವಿಕಾ ಎಂಬ ನವನವೀನ ನಾಮಧೇಯವನ್ನು ಅವನು ಆರಿಸಿಟ್ಟಿದ್ದ. ಬಾಣಂತನ ಮಾಡಲು ಊರಿಂದ ಬಂದಿದ್ದ ಅತ್ತೆ ಮಾರಕ್ಕನಿಗೆ ತೀರಿಹೋದ ತನ್ನ ತಾಯಿ ಓಬಳಮ್ಮನ ಹೆಸರೇ ಆಗಬೇಕು. ಸಾನ್ವಿಕಾ ಎಂಬ ಈ ಕೋಟೆಯನ್ನು ವೀರನು ಒಂದು ತಿಂಗಳಿಂದ ಬಿಟ್ಟುಕೊಟ್ಟಿರಲಿಲ್ಲ. ಅದರ ಜೊತೆಗೆ, ಆ ಊರಿನಲ್ಲಿದ್ದ ಕನ್ನಡದ ಮನೆಗಳವರನ್ನೆಲ್ಲ "ಬೇಲದ ಪಾನಕ ಕುಡಿಸ್ತೀನಿ, ಬರ್ರಿ" ಎಂದು ಕರೆದೂ ಆಗಿತ್ತು.

ಏಕೆಂದರೆ ಹಿತ್ತಲಾಚೆ, ಕಾಡಿನ ಅಂಚಿನಲ್ಲಿ, ಕಂಟಕಕವಚಧಾರಿಯಾದ ಒಂದು ಗಿಡ್ಡ ಮರವಿತ್ತು. ಮೈತುಂಬ ಚೆಂಡಿನಂಥ, ಗಟ್ಟಿ ಓಡಿನ, ಹಳದಿಗೆ ತಿರುಗಿದ ಹಣ್ಣು. ಅದು ಬೇಲವೆಂದು ವೀರನು ಕಿಟಕಿಯಿಂದಲೇ ತೀರ್ಪು ಕೊಟ್ಟಿದ್ದ. ಹತ್ತಿರ ಹೋಗಿ ನೋಡುವುದು ಅವನ ಘನತೆಗೆ ತಕ್ಕುದಾಗಿರಲಿಲ್ಲ.

ಆಗ ಎದ್ದನು ಪ್ರತಿವೀರ ಕೊಟ್ರೇಶ! ಕೂಡ್ಲಿಗಿ ಕಡೆಯವನು, ವೀರನ ಕಂಪನಿಯ ಉಗ್ರಾಣಾಧಿಪತಿ, ನಟ್ಟುಬೋಲ್ಟುಸಹಸ್ರನಾಮಕಂಠಪಾಠಿ, ಗೆಳೆಯನ ಮನೆಯ ಮಧ್ಯಾಹ್ನದೂಟಕ್ಕೆ ಎಂದೂ ತಪ್ಪದವನು. ಮುದ್ದೆಯುಂಡು ಕೈತೊಳೆಯಲು ಹಿತ್ತಲಿಗೆ ಹೋದವನು, ಆಚೆಯ ಆ ಮರದಿಂದ ಒಂದು ಎಲೆ ಕಿತ್ತು, ಬಿಸಿಲಿಗೆ ಹಿಡಿದು, ಪ್ರಳಯಮೇಘದಂತೆ ಗುಡುಗಿದನು:

"ಯಾವನಲೇ ಇದನ್ನ ಬೇಲ ಅಂದೋನು?"

"ನಾನೇ. ಯಾಕೆ?" ಎನ್ನುತ್ತ ವೀರನು ಮರದ ಬುಡಕ್ಕೆ ಬಂದನು.

"ಬೇಲದ ಎಲೆ ಹಿಂಗಿರ್ತೈತಾ? ಒಂದ್ ಕಡ್ಡಿಗೆ ಪುಟ್ಟಪುಟ್ಟ ಎಲೆ ಜೋಡಿಸ್ದಂಗಿರ್ಬೇಕು, ತಿಕ್ಕಿದ್ರೆ ಘಮ್ಮನ್ಬೇಕು. ಇದ್ನೋಡು, ಒಂಟಿ ಎಲೆ, ಬುಡದಿಂದ್ಲೇ ಮೂರು ನರ. ಕಾಸರಕ ಕಣಲೇ ಇದು! ವಿಷ! ನಾಮಕರಣಕ್ಕೆ ಕರೆದು ಎಲ್ರನ್ನೂ ಮಲಗಿಸ್ತೀಯಾ?"

ವೀರನು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಹಿಂದೆ ಮುಳ್ಳಿತ್ತು. ಸಿಂಹಗರ್ಜನೆಯಿಂದ ನುಡಿದನು: "ಕೇಳೆಲೋ ಕೂಡ್ಲಿಗಿಕುಲತಿಲಕ! ಬೇಲದ ನೆರಳಲ್ಲಿ ಹುಟ್ಟಿ, ಬೇಲದ ಓಡಿನಲ್ಲಿ ಆಡಿ ಬೆಳೆದವನು ನಾನು! ಓಡು ಬೇಲ, ಮುಳ್ಳು ಬೇಲ! ಎಲೆಯೊಂದು ಪರದೇಶದ ನೀರು ಕುಡಿದು ಬದಲಾಗಿರಬಹುದು!"

"ನೀನೂ ಇಲ್ಲಿ ನೀರು ಕುಡೀತಾ ಇದೀಯಲ್ಲ, ನಿನ್ನ ಬೊಕ್ಕತಲೆ ಬದಲಾತಾ? ಅಷ್ಟು ಧೈರ್ಯ ಇದ್ರೆ ಮೊದ್ಲು ನೀನು ತಿನ್ನು."

ಆ ಕ್ಷಣದಲ್ಲಿ ಗಾಳಿ ನಿಂತಿತು. ಊರಲ್ಲಿ ಕಾಸರಕದ ಬೀಜ ಅರೆದು ಹುಚ್ಚುನಾಯಿಗೆ ಹಾಕುತ್ತಿದ್ದುದು, ಆಮೇಲೆ ಆ ನಾಯಿ ಸೆಟೆದು ಬೀಳುತ್ತಿದ್ದುದು ವೀರನಿಗೆ ನೆನಪಾಯಿತು. ಆದರೂ ಅಭಿಮಾನಧನನಾದ ಅವನು ಹಣ್ಣೊಂದನ್ನು ಕಲ್ಲಿಗೆ ಕುಟ್ಟಿ ಒಡೆದನು. ಕಂದು ತಿರುಳನ್ನು ಬೆರಳಲ್ಲಿ ಎತ್ತಿ, ಅಡಿಗೆಮನೆಯ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದ ಅತ್ತೆಯ ಕಡೆ ತಿರುಗಿ, ಗದ್ಗದಕಂಠದಿಂದ ಕೊನೆಯ ಮಾತು ಹೇಳಿದನು:

"ಅತ್ತೇ, ಗಾಡಿ ಕೀ ಗೂಟದಲ್ಲಿದೆ. ನಿಮ್ಮ ಮಗಳನ್ನ ಚೆನ್ನಾಗಿ ನೋಡ್ಕೊಳ್ಳಿ. ಮಗೂಗೆ ನಿಮ್ಮವ್ವನ ಹೆಸರೇ ಇಡಿ. ಇನ್ನು ನನ್ನ ತಕರಾರಿಲ್ಲ."

ಮಾರಕ್ಕ ಮೊರ ಕೆಳಗಿಟ್ಟಳು. "ಇನ್ನೊಂದ್ಸಲ ಅನ್ನಿ, ಅಳಿಯಂದ್ರೆ."

"ಓಬಳಮ್ಮ ಅಂತಲೇ ಇಡಿ."

"ಕೊಟ್ರೇಶಪ್ಪ, ನೀವೂ ಕೇಳಿಸ್ಕೊಂಡ್ರಲ್ಲ?"

"ಕೇಳಿಸ್ಕೊಂಡೆ ಕಣಮ್ಮ," ಎಂದು ಅವನು ಕಣ್ಣೊರೆಸಿಕೊಂಡನು.

"ಹಂಗಾದ್ರೆ ತಿನ್ನಿ ಅತ್ಲಾಗೆ. ಸೋಮವಾರದಿಂದ ತಿಂತಿರೋದೂ ಅದನ್ನೇ ಅಲ್ವಾ?"

"ಯಾವುದನ್ನ?"

"ಮುದ್ದೆಗೆ ಗೊಜ್ಜು ಮಾಡ್ತಿರೋದು ಯಾವುದ್ರಲ್ಲಿ ಅನ್ಕಂಡ್ರಿ? ಮನೇಲಿ ಹುಣಸೇಹಣ್ಣು ಮುಗಿದು ವಾರ ಆತು. ಪಕ್ಕದ್ಮನೆ ಆಯಮ್ಮ ಒಡೆದು ಮಕ್ಕಳಿಗೆ ಕೊಡೋದು ನೋಡ್ದೆ. ಬೀಜ ಉಗುಳ್ಬೇಕು ಅಂತ ಕೈಸನ್ನೇಲಿ ತೋರಿಸಿದ್ಲು. ಬೇಲಾನೂ ಅಲ್ಲ, ಕಾಸರಕಾನೂ ಅಲ್ಲ. ಇಲ್ಲಿಯೋರು ಅದೇನೋ ಮ್ಟೋಂಗ ಅಂತಾರಂತೆ."

ಕೊಟ್ರೇಶನ ಕೈ ತಾನಾಗಿ ಹೊಟ್ಟೆಯ ಮೇಲೆ ಬಂತು. "ತಿಪ್ಪೇಶಿ, ನಂಗ್ಯಾಕೋ ಒಂಥರಾ ಆಗ್ತೈತೆ..."

"ಅದು ಮೂರನೇ ಮುದ್ದೆ ಕಣಪ್ಪ," ಎಂದಳು ಮಾರಕ್ಕ.

ಹೀಗೆ ಮಹಾಸಮರ ಮುಗಿಯಿತು. ರಣರಂಗದಲ್ಲಿ ನೆತ್ತರು ಬೀಳಲಿಲ್ಲ. ಒಂದು ಚೀಲ ಹಣ್ಣು ಬಿತ್ತು, ಅದನ್ನು ಒಡೆದು ಬೀಜ ತೆಗೆಯುವ ಕೆಲಸ ಇಬ್ಬರು ವೀರರಿಗೂ ಬಿತ್ತು. "ನಮ್ಮೂರ ಬೇಲದಷ್ಟು ರುಚಿಯಿಲ್ಲ ಬಿಡು," ಎಂದು ತಿಪ್ಪೇಸ್ವಾಮಿ ಬೆರಳು ನೆಕ್ಕಿದನು.

ಮರುದಿನ ಬಂದವರೆಲ್ಲ ಪಾನಕ ಕುಡಿದು, ಇನ್ನೊಂದು ಲೋಟ ಕೇಳಿದರು. ತೊಟ್ಟಿಲ ಪಕ್ಕ ಕೂತು, ಮಗಳ ಕಿವಿಗೆ ಬಾಯಿಟ್ಟು, ಪಾತಾಳಗಂಗಾನ್ವೇಷಣಪ್ರವೀಣನು ಆದಷ್ಟೂ ಮೆಲ್ಲಗೆ "ಓಬಳಮ್ಮ" ಎಂದನು.

"ಜೋರಾಗಿ ಅನ್ನಿ, ಅಳಿಯಂದ್ರೆ," ಎಂದಿತು ಅಡಿಗೆಮನೆ. "ಇಲ್ಲಿಗೆ ಕೇಳಿಸ್ಲಿಲ್ಲ."