ಅರವತ್ತರ ಶಾಂತಿಗೆ ನಾನು ಮುಳುಗಿಸಿದ ಸೂರ್ಯ

ಎಂಬತ್ತರ ದಶಕದಲ್ಲಿ ಸ್ಯಾನ್ ಹೊಸೆಯ ನಮ್ಮ ಬೀದಿಯಲ್ಲಿ ಮನೆಯಲ್ಲೇ ಬಣ್ಣದ ಕಂಪ್ಯೂಟರ್ ಇಟ್ಟುಕೊಂಡಿದ್ದವನು ನಾನೊಬ್ಬನೇ. ಹದಿನಾರು ಬಣ್ಣ! ಲೋಕವನ್ನು ಸೃಷ್ಟಿಸಲು ಇನ್ನೇನು ಬೇಕು?

ಆ ವರ್ಷ ಧಾರವಾಡದಿಂದ ಅತ್ತೆ-ಮಾವ ಬಂದಿದ್ದರು. ಮಾವನವರ ಅರವತ್ತರ ಶಾಂತಿ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ಮಾವ ಭೂಗೋಳದ ಮೇಷ್ಟರಾಗಿದ್ದವರು. ನನ್ನ ಕೆಲಸವೇನೆಂದು ಯಾರು ಕೇಳಿದರೂ "ಟೈಪಿಂಗ್ ಥರಾ ಏನೋ ಮಾಡ್ತಾರ" ಎನ್ನುತ್ತಿದ್ದರು. ಅವರ ಬಾಯಿಂದ ಒಂದು ಶಹಬ್ಬಾಸ್ ಕೇಳಲು ಮದುವೆಯಾದಂದಿನಿಂದ ಜೀವ ಹಿಡಿದುಕೊಂಡಿದ್ದೆ. ಸರಿ, ಕಂಪ್ಯೂಟರಿನಲ್ಲೇ ಒಂದು ಚಿತ್ರ ಬರೆದು, ಶಾಂತಿಯ ದಿನ ಎಲ್ಲರೆದುರು ಕೊಡುವುದೆಂದು ತೀರ್ಮಾನಿಸಿದೆ. ವಿಷಯ, ಪೆಸಿಫಿಕ್ ಸಾಗರದಲ್ಲಿ ಸೂರ್ಯಾಸ್ತ!

ಚುಕ್ಕೆಗೆ ಚುಕ್ಕೆ ಸೇರಿಸಿ ಸೂರ್ಯನನ್ನು ಕೂರಿಸಿ, ಹೆಂಡತಿ ಸುಧಾಳನ್ನು ಕರೆದೆ.

"ಫೀಡ್‌ಬ್ಯಾಕ್ ಕೊಡು. ಮುಲಾಜು ಬೇಡ."

"ದುಂಡನ್ನ ಸೂರ್ಯಗ ಮೂಲಿ ಬಂದಾವು," ಎಂದಳು. "ಅಲ್ರೀ, ಅದಿರ್ಲಿ, ಅಪ್ಪಾಗ ಇದನ್ನ ಕೊಡೋದು..."

"ಬಣ್ಣ, ರಚನೆ, ಎರಡೇ! ಮಿಕ್ಕಿದ್ದೆಲ್ಲ ಸಿಲೆಬಸ್ಸಿನಲ್ಲಿಲ್ಲ," ಎಂದು ತಡೆದೆ. ಅವಳು ಹೆಗಲು ಕುಣಿಸಿ ಅಡುಗೆಮನೆಗೆ ಹೋದಳು.

ಮುಂದಿನ ಫೀಡ್‌ಬ್ಯಾಕು ಗೆಳೆಯ ಮೂರ್ತಿಯದು. ವಾರವೆಲ್ಲ ಪಕ್ಕದ ಮೆನ್ಲೋ ಪಾರ್ಕ್ ಊರಿನಲ್ಲಿ ಎಂಜಿನಿಯರು, ವೀಕೆಂಡು ಬಂದರೆ ಪುರೋಹಿತ. ನಮ್ಮ ಶಾಂತಿಗೂ ಮಂತ್ರ ಹೇಳಬೇಕಾದವನು ಅವನೇ.

"ಸೂಪರ್ ಆಗಿದೆ ಕಣೋ. ಆದ್ರೆ ಸೂರ್ಯನ್ನ ಇನ್ನೂ ಸ್ವಲ್ಪ ಮುಳುಗ್ಸು. ಎಫೆಕ್ಟ್ ಬರುತ್ತೆ."

ಮುಳುಗಿಸಿದೆ.

"ಇನ್ನೂ ಸ್ವಲ್ಪ. ಸುತ್ತ ಕತ್ತಲೆ ಮಾಡು. ಡೆಪ್ತ್ ಬರುತ್ತೆ."

ಉಗುರಿನಷ್ಟು ಸೂರ್ಯ ಉಳಿದ. ಮೂರ್ತಿಗೆ ಇನ್ನೂ ತೃಪ್ತಿಯಿಲ್ಲ. ದೂರ ಹೋಗುತ್ತಿರುವ ಒಂದು ದೋಣಿ ಹಾಕು ಎಂದ. ದೋಣಿಯಲ್ಲಿ ಮನುಷ್ಯನನ್ನು ಕೂರಿಸಲು ಚುಕ್ಕೆಗಳು ಸಾಲಲಿಲ್ಲ. ಖಾಲಿ ದೋಣಿಯನ್ನೇ ಬಿಟ್ಟೆ. ಆಫೀಸಿನ ಕಲರ್ ಪ್ರಿಂಟರಿನಲ್ಲಿ ತೆಗೆದು, ಚೌಕಟ್ಟು ಹಾಕಿಸಿದೆ.

ಶಾಂತಿಯ ದಿನ ಮನೆ ತುಂಬ ಜನ. ಮಾವ ಅತ್ತೆಗೆ ಮತ್ತೊಮ್ಮೆ ತಾಳಿ ಕಟ್ಟಿದರು, ಆರತಿಯಾಯಿತು. ಮೂರ್ತಿ ನೂರು ವರ್ಷ ಬಾಳಿರೆಂದು ಮಂತ್ರಾಕ್ಷತೆ ಹಾಕುತ್ತಿದ್ದ. ಇದೇ ಶುಭಮುಹೂರ್ತವೆಂದು ನಾನು ಚಿತ್ರದ ಮೇಲಿನ ಶಾಲು ಎಳೆದೆ.

ಮಂತ್ರ ಅರ್ಧಕ್ಕೇ ನಿಂತಿತು.

"ಅಯ್ಯ ನಮ್ಮಪ್ಪಾ!" ಅತ್ತೆ ಹೊಸ ತಾಳಿ ಹಿಡಿದುಕೊಂಡರು. "ಅರವತ್ತು ತುಂಬಿದ ದಿನಾನ ಇವರನ್ನ ಮುಳುಗಿಸಿಬಿಟ್ರಲ್ರೀ!"

ನನಗೆ ಆಗ ಹೊಳೆಯಿತು. ಮೂರ್ತಿಯತ್ತ ನೋಡಿದರೆ ಅವನು ಅಕ್ಷತೆಯ ತಟ್ಟೆಯಲ್ಲಿ ಏನೋ ಹುಡುಕುತ್ತಿದ್ದ.

"ಅತ್ತೇ, ಇದು ಸೂರ್ಯೋದಯ!" ಎಂದೆ.

ಮಾವ ಕನ್ನಡಕ ಏರಿಸಿದರು. "ಯಾವ ಸಮುದ್ರರೀ ಇದು, ಅಳಿಯಂದ್ರ?"

"ಪೆಸಿಫಿಕ್, ಮಾವ." ತಿದ್ದಿಕೊಳ್ಳುವ ಹೊತ್ತಿಗೆ ನಾಲಿಗೆ ಹೇಳಿಯಾಗಿತ್ತು.

"ಇಲ್ಲಿಂದ ಯಾವ ದಿಕ್ಕಿಗೈತಿ?"

"ಪಶ್ಚಿಮ..."

"ಸೂರ್ಯ ಅಲ್ಲಿ ಏಳೋದು ಯಾವಾಗಿಂದ ಶುರು ಮಾಡ್ಯಾನ?"

ನಮ್ಮಲ್ಲಿಗೆ ಹತ್ತಿರದ ಡಬ್ಲಿನ್ ಎಂಬ ಊರಿನಿಂದ ಬಂದಿದ್ದ ಅತಿಥಿಗಳೂ ನಕ್ಕರು. ನಾನು ನಿಂತಲ್ಲೇ ಮುಳುಗಿದೆ. ಹೆಂಡತಿ ಮಾತ್ರ ನಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

"ತಿದ್ದಲಿಕ್ಕೆ ಬರ್ತದೇನು?" ಮಾವ ಕೇಳಿದರು.

"ಎಷ್ಟು ಬೇಕಾದರೂ!"

ಊಟಕ್ಕೆ ಹಾಕಿದ್ದ ಎಲೆಗಳನ್ನು ಹಾಗೇ ಬಿಟ್ಟು ಮೆರವಣಿಗೆ ಕಂಪ್ಯೂಟರಿನ ಕೋಣೆಗೆ ಬಂತು. ನಾನು ಕೂತೆ. ಮಾವ ಬೆನ್ನ ಹಿಂದೆ ನಿಂತರು.

"ಮೊದ್ಲ ಆ ಖಾಲಿ ದೋಣಿ ತಗೀರಿ. ನಂಗ ಅದು ಈಗ ಬ್ಯಾಡ."

ತೆಗೆದೆ.

"ಕತ್ತಲಿ ತಗೀರಿ. ಸೂರ್ಯನ್ನ ಮ್ಯಾಲೆ ಎತ್ರಿ. ಇನ್ನಷ್ಟು. ಮಧ್ಯಾಹ್ನ ಆಗ್ಲಿ."

ಮಧ್ಯಾಹ್ನವಾಯಿತು. ಅತ್ತೆಗೆ ಸಮಾಧಾನವಿಲ್ಲ. "ಮಧ್ಯಾಹ್ನ ಆದ್ರ ಮುಂದ ಇಳೀಲಿಕ್ಕೇ ಬೇಕಲ್ರೀ," ಎಂದರು. ನ್ಯಾಯವಾದ ಆಕ್ಷೇಪಣೆ! ಇನ್ನಷ್ಟು ಎತ್ತಿದೆ. ಸೂರ್ಯ ಪರದೆಯ ಮೇಲಂಚು ದಾಟಿ ಹೊರಟೇ ಹೋದ. ಮೇಲೆ ಒಂದು ನೀಲಿ, ಕೆಳಗೆ ಒಂದು ನೀಲಿ. ಬೇರೇನೂ ಇಲ್ಲ.

ಮಾವ ಬಹಳ ಹೊತ್ತು ನೋಡಿದರು. ಆಮೇಲೆ ಬೆನ್ನು ತಟ್ಟಿದರು. "ಶಹಬ್ಬಾಸ್! ಈಗ ಛಲೋ ಆತು ನೋಡ್ರಿ."

ಅಳು ಬಂತು. ಸಂತೋಷಕ್ಕೋ ಇನ್ನೇತಕ್ಕೋ ಈಗಲೂ ಗೊತ್ತಿಲ್ಲ.

ಮತ್ತೆ ಆಫೀಸಿನಲ್ಲಿ ಪ್ರಿಂಟ್ ತೆಗೆದು ಕೊಟ್ಟ ಆ ನೀಲಿ ಕಾಗದ ಈಗ ಧಾರವಾಡದ ಅವರ ಮನೆಯ ಪಡಸಾಲೆಯಲ್ಲಿದೆ. "ನಮ್ಮ ಅಳಿಯ ಕಂಪ್ಯೂಟರ್‌ನ್ಯಾಗ ಮಾಡ್ಯಾನ," ಎಂದು ಮಾವ ಬಂದವರಿಗೆಲ್ಲ ತೋರಿಸುತ್ತಾರೆ. ಬಂದವರು ಚಿತ್ರ ಎಲ್ಲಿದೆಯೆಂದು ಹುಡುಕುತ್ತಾರೆ, ಮಾವನ ಮುಖ ನೋಡುತ್ತಾರೆ, "ಭಾಳ ಛಲೋ ಐತ್ರಿ" ಎಂದು ಚಹಾ ಕುಡಿದು ಹೋಗುತ್ತಾರೆ.