ಆಯುಧಪೂಜೆಗೆ ಎಣ್ಣೆ ಕುಡಿದ ಪಿನ್‌ಬಾಲ್

ಆದವಾನಿಯ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಫಿಟರ್ ಆಗಿದ್ದ ನನಗೆ ಒಂದು ಆಟದ ಯಂತ್ರ ಯಾವ ಲೆಕ್ಕ! ಗುಂತಕಲ್ಲಿನಲ್ಲಿ ಮುಚ್ಚಿಹೋದ ಕ್ಲಬ್ಬೊಂದರ ಹರಾಜಿನಲ್ಲಿ ಹಳೆಯ ಪಿನ್‌ಬಾಲ್ ಯಂತ್ರವನ್ನು ಕೂಗಿ ತಂದದ್ದು ಅದೇ ಧೈರ್ಯದ ಮೇಲೆ. ಗಾಜು ಮುಚ್ಚಿದ ಓರೆ ಮೇಜು. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಓಡಿ, ಅಲ್ಲಿಲ್ಲಿ ಬಡಿದು, ಗಂಟೆ ಬಾರಿಸುತ್ತ ಇಳಿಯುತ್ತದೆ. ಎದುರಿನ ಪೆಟ್ಟಿಗೆಯಲ್ಲಿ ಅಂಕಿಯ ಚಕ್ರಗಳು ಟಕಟಕ ತಿರುಗುತ್ತವೆ. ಆ ಸದ್ದಿಗೆ ನಾನು ಮರುಳಾಗಿದ್ದೆ.

ನನ್ನ ಹೆಂಡತಿ ಗೌರಮ್ಮ ಮರುಳಾಗಿರಲಿಲ್ಲ. ಪಡಸಾಲೆಯ ಅರ್ಧ ನುಂಗಿದ್ದ ಯಂತ್ರವನ್ನು ಬಂದವರಿಗೆಲ್ಲ ತೋರಿಸಿ, "ಇದು ನಮ್ಮನಿಯವರ ಬುದ್ಧಿರಿ" ಎನ್ನುತ್ತಿದ್ದಳು. ಹೀಗಿರುವಾಗ, ಇಂಥ ಯಂತ್ರಗಳನ್ನೇ ಕೂಡಿಡುವ ಬಳ್ಳಾರಿಯ ಡಾಕ್ಟರೊಬ್ಬರು ಆಯುಧಪೂಜೆಯ ದಿನ ನೋಡಲು ಬರುತ್ತೇನೆಂದು ಕಾಗದ ಬರೆದರು. ತಿಳಿದವರೊಬ್ಬರು ಗೌರಮ್ಮನ ಎದುರಿಗೆ ಭೇಷ್ ಎಂದುಬಿಟ್ಟರೆ ನನ್ನ ಜನ್ಮ ಸಾರ್ಥಕ!

ಮಿಲ್ಲಿನಲ್ಲಿ ಪೂಜೆಗೆ ಮುಂಚೆ ಪ್ರತಿ ಯಂತ್ರಕ್ಕೂ ಎಣ್ಣೆ ಕುಡಿಸುವುದು ನಮ್ಮ ಪದ್ಧತಿ. ಮನೆಯ ಯಂತ್ರಕ್ಕೆ ಮಾತ್ರ ಪಂಕ್ತಿಭೇದ ಮಾಡಲೇ? ಮುಚ್ಚಳ ತೆಗೆದು, ಒಳಗಿದ್ದ ಲೋಹದ ಪಟ್ಟಿಗಳ ಸಂದುಸಂದಿಗೂ ಎಣ್ಣೆ ಬಿಟ್ಟೆ. ಡಬ್ಬಿ ಖಾಲಿಯಾದಾಗ ಅಡುಗೆಮನೆಯ ಶೇಂಗಾ ಎಣ್ಣೆ ಕದ್ದೆ. ಒಳಗೂ ಹೊರಗೂ ಧಾರಾಳವಾಗಿ ವಿಭೂತಿ ಹಚ್ಚಿದೆ.

ಡಾಕ್ಟರು ಬಂದರು. ಸ್ಪ್ರಿಂಗ್ ಎಳೆದರು. ಗುಂಡು ಓಡಿತು, ಅಂಕಿ ಕದಲಲಿಲ್ಲ. ಗಂಟೆ ಮಾತ್ರ ಹೊಡೆಯಿತು. ಹೊಡೆಯುತ್ತಲೇ ಇತ್ತು! ಎದುರುಮನೆಯ ಅಜ್ಜಿ ಮಂಗಳಾರತಿ ಆಗುತ್ತಿದೆಯೆಂದು ಓಡಿಬಂದು ಯಂತ್ರಕ್ಕೆ ಅಡ್ಡಬಿದ್ದಳು. ಅವಳ ಹಿಂದೆ ನಾಲ್ಕು ಮನೆಯವರು ಪ್ರಸಾದಕ್ಕೆ ಕೈಯೊಡ್ಡಿ ನಿಂತರು. ನಾನು ಪ್ಲಗ್ ಕಿತ್ತೆ.

ಡಾಕ್ಟರು ಒಳಗೆ ಬೆರಳಾಡಿಸಿ, ಮೂಸಿ ನೋಡಿದರು. ಕರೆಂಟು ದಾಟುವ ಪಟ್ಟಿಗಳು ಒಣಗಿರಬೇಕು, ಇಲ್ಲಿ ಎಣ್ಣೆಗೆ ವಿಭೂತಿ ಬೆರೆತು ಎಲ್ಲ ಅಂಟಿಕೊಂಡಿವೆ ಎಂದು ಸಮಾಧಾನವಾಗಿ ವಿವರಿಸಿದರು. ಆಮೇಲೆ ಊಟಕ್ಕೆ ಕೂತಾಗ, "ಇದಕ್ಕ ಕೈ ಹಚ್ಚಿದ ಫಿಟರ್ ಯಾರ್ರಿ?" ಎಂದರು.

ಯಾರೋ ಹೊರಗಿನವನು ಎನ್ನಲು ನಾನು ಬಾಯಿ ತೆರೆದೆ. ಗೌರಮ್ಮ ನನಗಿಂತ ಮೊದಲೇ ತೆರೆದಳು. "ಇವ್ರೇರಿ. ಇಪ್ಪತ್ತು ವರ್ಷದ ಸರ್ವೀಸ್ ಐತಿ."

ಡಾಕ್ಟರು ಎಡಗೈಯಲ್ಲಿ ಡೈರಿ ತೆಗೆದು, ನನ್ನ ಪೂರ್ತಿ ಹೆಸರು, ಊರು ಬರೆದುಕೊಡಿ ಎಂದರು. ನನ್ನ ಎದೆ ಉಬ್ಬಿತು. ತಮ್ಮ ಯಂತ್ರಗಳ ಕೆಲಸಕ್ಕೆ ಕರೆಯುತ್ತಾರೇನೋ ಎಂದು ಕೇಳಿಯೂಬಿಟ್ಟೆ.

"ಇಂಥಾ ಮಷೀನು ಇಟ್ಕೊಂಡ ಗೆಳೆಯರು ಭಾಳ ಮಂದಿ ಅದಾರ್ರಿ," ಎಂದರು ಅವರು. "ನೀವು ಬಂದ್ರ ಬಾಗಿಲಾ ಹಾಕ್ಕೋರಿ ಅಂತ ಎಲ್ಲಾರಿಗೂ ಕಾಗದ ಬರೀಬೇಕು."

ಗೌರಮ್ಮ ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು. ನನಗೆ ಬೇಕೇ ಎಂದು ಕೇಳಲೂ ಇಲ್ಲ.