ಎಡಕ್ಕೆ ಎಳೆಯುವ ಕಾರು

ಸರ್ವೇಯರ ಕಾರು ಎಡಕ್ಕೆ ಎಳೆಯುತ್ತದೆ ಎಂದು ಯಾರಾದರೂ ಹೇಳಿದರೆ ಅವರಿಗೆ ಎಲ್ಲಿಲ್ಲದ ಕೋಪ ಬರುತ್ತಿತ್ತು. "ಕಾರು ಸರಿಯಾಗೇ ಇದೆ. ರಸ್ತೇನೇ ಬಲಕ್ಕೆ ಸರಿದಿದೆ," ಎನ್ನುತ್ತಿದ್ದರು.

ಇಪ್ಪತ್ತೆರಡು ವರ್ಷ ಜನರ ಹೊಲ, ಸೈಟು, ಬೇಲಿಗಳನ್ನು ಅಳೆದು ಗೆರೆ ಎಳೆದುಕೊಟ್ಟ ಮನುಷ್ಯ. ಅವರು ಎಳೆದ ಗೆರೆ ಕೂದಲೆಳೆಯಷ್ಟೂ ಸೊಟ್ಟಗಾಗಿದ್ದಿಲ್ಲ. ಅಂಥವರ ಕಾರು ಮಾತ್ರ ಹನ್ನೊಂದು ವರ್ಷದಿಂದ ತಾನಾಗಿ ನೆಟ್ಟಗೆ ಹೋಗಿದ್ದಿಲ್ಲ. ಅದು ನೆಟ್ಟಗೆ ಹೋಗಬೇಕಾದರೆ ಸ್ಟೇರಿಂಗನ್ನು ಗಡಿಯಾರದ ಮುಳ್ಳು ಹನ್ನೆರಡರಿಂದ ಎರಡಕ್ಕೆ ಹೋದಷ್ಟು ಬಲಕ್ಕೆ ತಿರುಗಿಸಿ, ಹಾಗೇ ಬಿಗಿಯಾಗಿ ಹಿಡಿದಿರಬೇಕು. ಹಿಡಿದು ಹಿಡಿದು ಸರ್ವೇಯರ ಎಡಭುಜ ಬಲಭುಜಕ್ಕಿಂತ ಒಂದಂಗುಲ ಮೇಲೆ ಹೋಗಿತ್ತು. ಅದು ಅವರ ಅಂಗಿ ಹೊಲಿಯುವ ದರ್ಜಿಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಸ್ಟೇಷನ್ ರಸ್ತೆಯಲ್ಲಿ ಮನೆಯ ಕಡೆ ಬರುವಾಗ ಎಡಗಡೆಗೆ ಒಂದು ಗುಜರಿ ಅಂಗಡಿ. ಅದರೆದುರು ರಸ್ತೆಗಡ್ಡಲಾಗಿ ಒಂದು ತಗ್ಗು. ದಿನಾ ಕಚೇರಿಯಿಂದ ಬರುವಾಗ ಚಕ್ರ ಆ ತಗ್ಗಿಗಿಳಿದ ಕೂಡಲೇ ಕಾರು ಸಂಜೆ ಕೊಟ್ಟಿಗೆ ಕಂಡ ಹಸುವಿನ ಹಾಗೆ ಅಂಗಡಿಯ ಕಡೆ ಮುಖ ತಿರುಗಿಸುತ್ತಿತ್ತು. ಗುಜರಿಯವನು ಲಾರಿಗಳನ್ನು ತೂಗಲು ನೆಲಕ್ಕೆ ಸಮನಾಗಿ ಹಾಸಿದ ದೊಡ್ಡ ಕಬ್ಬಿಣದ ಹಲಗೆಯ ಪಕ್ಕ ಕೂತಿರುತ್ತಿದ್ದವನು, ಕಾರು ಕಂಡೊಡನೆ ಎದ್ದು ನಿಂತು ಸಲಾಮು ಹೊಡೆಯುತ್ತಿದ್ದ. ಸರ್ವೇಯರು ನೋಡದವರ ಹಾಗೆ ಸ್ಟೇರಿಂಗ್ ಜಗ್ಗಿಕೊಂಡು ಮುಂದೆ ಹೋಗುತ್ತಿದ್ದರು.

ಹೀಗೇ ಇನ್ನೂ ಹನ್ನೊಂದು ವರ್ಷ ನಡೆಯುತ್ತಿತ್ತೋ ಏನೋ. ಆದರೆ ಒಂದು ಬೆಳಗ್ಗೆ ಏಳು ಗಂಟೆಗೆ ಅತ್ತೆಯ ಫೋನು ಬಂತು. ಮಾತಾಡಿ ಮುಗಿಸಿದ ಹೆಂಡತಿ ನೇರ ಬಂದು ಪೇಪರ್ ಓದುತ್ತಿದ್ದ ಗಂಡನೆದುರು ನಿಂತಳು.

"ಸಂಜೆ ಐದೂವರೆ ರೈಲಿಗೆ ಅಮ್ಮ ಬರ್ತಿದ್ದಾರೆ."

"ಬರ್ಲಿ ಬಿಡು. ಆಟೋ ಹೇಳ್ತೀನಿ."

"ಆಟೋ ಬೇಡ್ವಂತೆ. ನಮ್ಮ ಕಾರಲ್ಲೇ ಬರ್ತಾರಂತೆ."

ಸರ್ವೇಯರು ಪೇಪರು ಕೆಳಗಿಟ್ಟರು. ಹೋದ ವರ್ಷ ಅತ್ತೆ ಒಂದೇ ಒಂದು ಸಲ ಆ ಕಾರಿನಲ್ಲಿ ಸ್ಟೇಷನ್ನಿಂದ ಮನೆಗೆ ಬಂದಿದ್ದರು. ದಾರಿಯುದ್ದಕ್ಕೂ ಬಾಗಿಲ ಹಿಡಿಕೆ ಹಿಡಿದು ಕಣ್ಣು ಮುಚ್ಚಿ ಕೂತಿದ್ದವರು, ಗುಜರಿ ಅಂಗಡಿಯೆದುರು ಕಾರು ವಾಲಿದ ರಭಸಕ್ಕೆ ಹಿಡಿಕೆಯನ್ನು ಕಿತ್ತೇಬಿಟ್ಟಿದ್ದರು. ಎರಡು ದಿನ ಹಾಸಿಗೆ ಬಿಟ್ಟೇಳಲಿಲ್ಲ. ಮೂರನೇ ದಿನ ಬಸ್ಸು ಹತ್ತಿ ಊರಿಗೆ ಹೋದರು. ಆ ಹಿಡಿಕೆ ಅವರ ಚೀಲದಲ್ಲೇ ಹೋಯಿತು.

"ಈ ಸಲ ನಾನು ಹೆದರಲ್ಲ, ಕಾರು ಒಂದು ನೆಟ್ಟಗೆ ಹೋದ್ರೆ ಸಾಕು ಅಂದ್ರು," ಎಂದಳು ಹೆಂಡತಿ. "ನೋಡ್ರೀ, ನಾನೂ ಹೇಳಿ ಹೇಳಿ ಸಾಕಾಗಿದೀನಿ. ಅಮ್ಮ ಇವತ್ತು ಹೆದರದೆ ಮನೆ ಸೇರಿದ್ರೋ, ನಿಮ್ಮ ಕಾರಿನ ಸುದ್ದಿಗೆ ಇನ್ನು ಬರಲ್ಲ. ಇಲ್ವೋ, ನಾಳೆ ಬೆಳಗ್ಗೆ ಅದು ಗುಜರಿಗೆ."

ಸರ್ವೇಯರು ಕಿಟಕಿಯಿಂದ ಕಾರಿನ ಕಡೆ ನೋಡಿದರು. ಅವರ ತಂದೆ ಕೊನೆಯ ಸಲ ಊರು ಸುತ್ತಿದ್ದು ಆ ಕಾರಿನಲ್ಲಿ. ಮಗಳು ಆಸ್ಪತ್ರೆಯಿಂದ ಮೊದಲ ಸಲ ಮನೆಗೆ ಬಂದದ್ದೂ ಅದರಲ್ಲೇ. ಭಾನುವಾರ ಬಂತೆಂದರೆ ಮೊದಲು ಅದಕ್ಕೆ ಸ್ನಾನ, ಆಮೇಲೆ ಅವರಿಗೆ. ಅದನ್ನು ತೂಕಕ್ಕೆ ಹಾಕುವುದನ್ನು ನೆನೆದೇ ಅವರಿಗೆ ಅಳು ಬಂದಂತಾಯಿತು. ಹೆಂಡತಿ ತಾನು ಪಾಠ ಮಾಡುವ ಶಾಲೆಗೆ ಹೊರಟದ್ದೇ ತಡ, ಕಚೇರಿಗೆ ರಜೆ ಹೇಳಿ ಕಾರು ಹೊರಗೆ ತೆಗೆದರು.

ತೆಗೆಯುವುದೇನು ಸುಲಭವೇ? ಬೀದಿಯಲ್ಲಿ ಆಗಲೇ ಇಬ್ಬರು ಕಾದಿದ್ದರು. ಎದುರುಮನೆಯ ಗಾರ್ಡು ರೈಲ್ವೆ ನೌಕರಿಯಿಂದ ನಿವೃತ್ತರಾಗಿ ಆರು ವರ್ಷವಾದರೂ ಸೀಟಿ ಮತ್ತು ಹಸಿರು ಬಾವುಟದಿಂದ ನಿವೃತ್ತರಾಗಿರಲಿಲ್ಲ. ಪಕ್ಕದ ಮನೆಯವರು ಹೋಮಿಯೋಪತಿ ಡಾಕ್ಟರು. ರೋಗಿಗಳು ಕಡಿಮೆಯಾದ್ದರಿಂದ ಅವರಿಗೆ ಎಲ್ಲದರ ಮೇಲೂ ಅಕ್ಕರೆ.

"ನೋವು ಯಾವಾಗ ಜಾಸ್ತಿ?" ಎಂದು ಕೇಳಿದರು ಡಾಕ್ಟರು. "ಎದ್ದ ಕೂಡ್ಲೇನಾ, ಓಡಾಡಿದ ಮೇಲಾ?"

"ಯಾರಿಗೆ ಡಾಕ್ಟ್ರೇ?"

"ಕಾರಿಗೆ."

ಸರ್ವೇಯರು ಗೇರು ಹಾಕಿ ಗ್ಯಾರೇಜಿನ ಕಡೆ ಹೊರಟರು. ಗಾರ್ಡು ಹಿಂದಿನಿಂದ ಸೀಟಿ ಊದಿ ಬಾವುಟ ತೋರಿಸಿದರು.

ಮೆಕ್ಯಾನಿಕ್ಕು ಜಾಕ್ ಕೊಟ್ಟು ಕಾರಿನ ಮೂತಿ ಎತ್ತಿ, ಮುಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಬೀಳಲಿರುವ ಹಾಲುಹಲ್ಲಿನ ಹಾಗೆ ಅದು ಅತ್ತಿತ್ತ ಆಡಿತು.

"ಇದನ್ನ ಓಡಿಸ್ಕೊಂಡು ಬಂದ್ರಾ ಸಾರ್, ಎತ್ಕೊಂಡು ಬಂದ್ರಾ?"

"ಯಾಕೆ? ಏನಾಗಿದೆ?"

"ಸ್ಟೇರಿಂಗ್ ತಿರುಗಿಸಿದ್ದನ್ನ ಚಕ್ರಕ್ಕೆ ಮುಟ್ಟಿಸೋ ಟೈ ರಾಡಿನ ಕೀಲು ಎರಡೂ ಹೋಗಿವೆ. ಚಕ್ರ ಹಿಡ್ಕೊಂಡಿರೋ ಆರ್ಮು ಎರಡೂ ಹೋಗಿವೆ. ಬುಷ್ ಹೋಗಿದೆ. ಬಾಲ್ ಜಾಯಿಂಟ್ ಹೋಗಿದೆ."

"ಮತ್ತೆ ಇರೋದೇನಯ್ಯಾ?"

"ನೀವಿದ್ದೀರಲ್ಲ ಸಾರ್, ಅದೇ ದೊಡ್ಡದು."

ಅಂತೂ ಮಧ್ಯಾಹ್ನ ಒಂದರ ಹೊತ್ತಿಗೆ ಹೊಸ ಆರ್ಮು, ಹೊಸ ಕೀಲು ಎಲ್ಲವೂ ಕೂತವು. ಹಳೆಯವನ್ನು ಮೆಕ್ಯಾನಿಕ್ಕು ಒಂದು ಗೋಣಿಚೀಲದ ಮೇಲೆ ಸಾಲಾಗಿ ಮಲಗಿಸಿದ. ಚಕ್ರಗಳ ಅಲೈನ್‌ಮೆಂಟ್ ನೋಡಿ, ಒಂದೇ ಬೆರಳಲ್ಲಿ ಸ್ಟೇರಿಂಗ್ ಹಿಡಿದು ಒಂದು ಸುತ್ತು ಹೊಡೆದು ಬಂದ. ಕಾರು ದಾರ ಹಿಡಿದಷ್ಟು ನೆಟ್ಟಗೆ ಹೋಯಿತು. ಸರ್ವೇಯರು ಹಿಗ್ಗಿ ಹೀರೇಕಾಯಿಯಾದರು. ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿದರು.

"ಎಲ್ಲಾ ಹೊಸದು ಹಾಕಿಸಿದೀನಿ ಕಣೇ. ಬೆರಳಲ್ಲಿ ಓಡಿಸಬಹುದು!"

"ನಿಜವಾಗ್ಲೂ? ಸರಿ, ಈಗ್ಲೇ ಅಮ್ಮಂಗೆ ಹೇಳ್ತೀನಿ," ಎಂದಳು ಹೆಂಡತಿ. ಅವಳ ದನಿಯಲ್ಲಿ ಎಷ್ಟೋ ವರ್ಷದ ಮೇಲೆ ಮೆಚ್ಚುಗೆ ಇತ್ತು.

ಸರ್ವೇಯರು ಕಾರು ಹತ್ತಿದರು. ಹತ್ತಿದ ಕೂಡಲೇ ಹನ್ನೊಂದು ವರ್ಷದ ಅಭ್ಯಾಸದಂತೆ ಕೈ ತಾನಾಗಿ ಎರಡು ಗಂಟೆಗೆ ತಿರುಗಿತು. ಕಾರೂ ವಿಧೇಯವಾಗಿ ಬಲಕ್ಕೆ ತಿರುಗಿತು. ಎದುರಿಗೆ ಬರುತ್ತಿದ್ದ ಹಾಲಿನ ವ್ಯಾನಿನವನು ಚರಂಡಿಗೆ ಇಳಿದು ಪ್ರಾಣ ಉಳಿಸಿಕೊಂಡ. ಸರ್ವೇಯರು ಎಡಕ್ಕೆ ತಂದರು, ಮತ್ತೆ ಕೈ ಬಲಕ್ಕೆ ಹೋಯಿತು. ಹಾಗೂ ಹೀಗೂ ಮನೆಯ ಬೀದಿ ಸೇರುವಷ್ಟರಲ್ಲಿ ಬಲಗಡೆಯಿದ್ದ ಗಾರ್ಡರ ಗೇಟಿಗೆ ಒಂದು ಏಟು, ಅದರ ಪಕ್ಕದ ಮೂರು ಹೂಕುಂಡಗಳಲ್ಲಿ ಎರಡಕ್ಕೆ ಒಂದೊಂದು. ಗಾರ್ಡು ಊಟದ ಕೈಯಲ್ಲೇ ಓಡಿ ಬಂದು ಸೀಟಿ ಊದಿದರು.

ಸರ್ವೇಯರು ಅಲ್ಲೇ ತಿರುಗಿಸಿ ಗ್ಯಾರೇಜಿಗೆ ವಾಪಸು ಬಂದರು. "ಹಾಳು ಮಾಡಿಬಿಟ್ಟೆಯಲ್ಲಯ್ಯಾ! ಈಗ ಬಲಕ್ಕೆ ಎಳೀತಿದೆ!"

ಮೆಕ್ಯಾನಿಕ್ಕು ಅವರನ್ನು ಪಕ್ಕ ಕೂರಿಸಿಕೊಂಡು ದೊಡ್ಡ ರಸ್ತೆಗೆ ಬಂದು, ಸ್ಟೇರಿಂಗ್ ಬಿಟ್ಟು ಕೈ ಕಟ್ಟಿ ಕೂತ. ಕಾರು ನೂರು ಗಜ ಅಲ್ಲಾಡದೆ ಹೋಯಿತು.

"ಗಾಡಿ ಎಳೀತಿಲ್ಲ ಸಾರ್," ಎಂದ ಮೆದುವಾಗಿ, ಕೆಟ್ಟ ಸುದ್ದಿ ಹೇಳುವವನ ಹಾಗೆ. "ಎಳೀತಿರೋದು ನೀವು."

ಗಂಟೆ ಎರಡಾಗಿತ್ತು. ಉಳಿದದ್ದು ಮೂರೂವರೆ ಗಂಟೆ. ಅಷ್ಟರಲ್ಲಿ ಅಭ್ಯಾಸ ಮಾಡಿಯೇ ತೀರುವುದೆಂದು ಸರ್ವೇಯರು ಮನೆಯ ಬೀದಿಯಲ್ಲಿ ಶುರು ಹಚ್ಚಿದರು. ಕಷ್ಟ ಕಂಡರೆ ನೆರೆಯವರು ಸುಮ್ಮನಿರುತ್ತಾರೆಯೇ? ಕುಂಡ ಒಡೆದ ಸಿಟ್ಟನ್ನು ಮರೆತು ಗಾರ್ಡು ಬೀದಿಯ ತುದಿಯಲ್ಲಿ ಬಾವುಟ ಹಿಡಿದು ನಿಂತರು. ಡಾಕ್ಟರು ಸರ್ವೇಯರ ನಾಲಿಗೆ ನೋಡಿ, ನಾಲ್ಕು ಸಕ್ಕರೆ ಗುಳಿಗೆ ಬಾಯಿಗೆ ಹಾಕಿದರು.

"ಹಳೇ ಅಭ್ಯಾಸಕ್ಕೆ ಇದು ರಾಮಬಾಣ," ಎಂದರು. "ಬುಡಸಮೇತ ಕಿತ್ತು ಹಾಕುತ್ತೆ."

"ಎಷ್ಟು ಹೊತ್ತಿಗೆ ಡಾಕ್ಟ್ರೇ?"

"ಆರು ತಿಂಗಳು ಬಿಡದೆ ತಗೋಬೇಕು."

ಮೊದಲನೇ ಸುತ್ತಿಗೆ ಕಾರು ಡಾಕ್ಟರ ಬೋರ್ಡನ್ನು ಉರುಳಿಸಿತು. ಎರಡನೆಯದಕ್ಕೆ ಗಾರ್ಡರ ಉಳಿದ ಒಂದು ಕುಂಡವೂ ಹೋಯಿತು. ಗಾರ್ಡು ಕಿಟಕಿಯೊಳಗೆ ತಲೆ ತೂರಿಸಿದರು.

"ನಾನು ಒಂದು ಮಾತು ಹೇಳ್ಲಾ? ಕೈ ಹಾಕೋದ್ರಿಂದ ತಾನೇ ಇಷ್ಟೆಲ್ಲಾ? ಸ್ಟೇರಿಂಗಿಗೆ ಕೈ ಹಾಕಲೇಬೇಡಿ. ಮೂವತ್ತೈದು ವರ್ಷ ನಾನು ರೈಲಲ್ಲಿ ಹೋಗಿದೀನಿ, ರೈಲಿಗೆಲ್ಲಿದೆ ಸ್ಟೇರಿಂಗು?"

ಮುಳುಗುತ್ತಿದ್ದ ಸರ್ವೇಯರಿಗೆ ಅದೂ ಸರಿಯೆಂದೇ ಕಂಡಿತು. ಕೈ ಮಡಿಲಲ್ಲಿಟ್ಟು ಕೂತರು. ಕಾರು ನಿಜವಾಗಿಯೂ ಬಾಣದಂತೆ ನೆಟ್ಟಗೆ ಹೋಯಿತು. ಬೀದಿ ಮಾತ್ರ ತುದಿಯಲ್ಲಿ ತಿರುಗಿತ್ತು. ಕಸದ ತೊಟ್ಟಿ ಎರಡು ಮನೆ ಆಚೆಗೆ ಹೋಗಿ ಬಿತ್ತು.

"ಹಳಿ ಇದ್ದಿದ್ರೆ ಹೀಗಾಗ್ತಿರಲಿಲ್ಲ," ಎಂದು ಗಾರ್ಡು ಗೊಣಗಿದರು.

ಮೂರು ಗಂಟೆ. ಸರ್ವೇಯರು ಬೆವರೊರೆಸಿಕೊಳ್ಳುತ್ತ ಯೋಚಿಸಿದರು. ಹಳೆಯ ಕಾರನ್ನು ತಾವು ಹನ್ನೊಂದು ವರ್ಷ ಯಾರಿಗೂ ತಾಗಿಸದೆ ಓಡಿಸಿದ್ದೇನೋ ನಿಜ. ಹೋದ ಸಲ ಅತ್ತೆ ಹೆದರಿದ್ದು ಆ ತಗ್ಗಿನಲ್ಲಿ. ತಗ್ಗಿನ ಹತ್ತಿರ ನಿಧಾನ ಮಾಡಿ, ಸ್ವಲ್ಪ ಹೆಚ್ಚು ಬಿಗಿ ಹಿಡಿದರಾಯಿತು. ಸೊಟ್ಟ ಕಾರು, ಸೊಟ್ಟ ಕೈ, ಎರಡೂ ಸೇರಿದರೆ ನೆಟ್ಟಗೆ. ಲೆಕ್ಕ ಸರಿಹೋಯಿತು. ಗ್ಯಾರೇಜಿಗೆ ದೌಡಾಯಿಸಿದರು.

"ಹೊಸದೆಲ್ಲಾ ಬಿಚ್ಚಿ, ಹಳೇದು ಹಾಕು."

ಮೆಕ್ಯಾನಿಕ್ಕು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಮೂವತ್ತು ವರ್ಷದಲ್ಲಿ ಇಂಥ ಕೆಲಸ ಯಾರೂ ಹೇಳಿಲ್ಲ ಸಾರ್. ನನಗೆ ಪಾಪ ತಗಲುತ್ತೆ."

"ನಾಳೆ ಬೆಳಗ್ಗೆ ಬಂದು ಮತ್ತೆ ಹೊಸದೇ ಹಾಕಿಸ್ತೀನಿ, ನನ್ನಾಣೆ. ಇವತ್ತೊಂದು ಸಂಜೆ ಮಾತ್ರ. ಕೈ ಮುಗೀತೀನಿ ಕಣಯ್ಯಾ!"

ಮೆಕ್ಯಾನಿಕ್ಕು ಮನಸ್ಸಿಲ್ಲದ ಮನಸ್ಸಿನಿಂದ ಕಾರಿನಡಿಗೆ ತೂರಿದ. ಸರ್ವೇಯರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಅಳತೆ ಹೇಳತೊಡಗಿದರು. "ಇನ್ನೂ ಒಂಚೂರು ಎಡಕ್ಕೆ. ಹಾಂ, ಅಷ್ಟೇ ಸೊಟ್ಟ. ಹೆಚ್ಚೂ ಬೇಡ, ಕಮ್ಮೀನೂ ಬೇಡ." ಅವರ ವೃತ್ತಿಜೀವನದಲ್ಲೇ ಅಷ್ಟು ಶ್ರದ್ಧೆಯಿಂದ ಅವರು ಏನನ್ನೂ ಅಳೆದಿರಲಿಲ್ಲ. ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ಕು ಹೊಸ ಸಾಮಾನುಗಳನ್ನು ಡಬ್ಬಕ್ಕೆ ತುಂಬಿ, ಹಿಂದಿನ ಸೀಟಿನಲ್ಲಿಟ್ಟು, ಕಾರಿಗೆ ಒಂದು ನಮಸ್ಕಾರ ಹಾಕಿದ.

ಕೈ ಎರಡು ಗಂಟೆಗೆ ತಿರುಗಿತು. ಕಾರು ನೆಟ್ಟಗೆ ಹೊರಟಿತು. ಆಹಾ, ಎಂಥ ಸುಖ! ಗುಜರಿ ಅಂಗಡಿ ಎದುರು ವೇಗ ತಗ್ಗಿಸಿ, ಸ್ಟೇರಿಂಗ್ ಬಿಗಿ ಹಿಡಿದು ತಗ್ಗು ದಾಟಿದರು. ಗುಜರಿಯವನು ಎಂದಿನಂತೆ ಸಲಾಮು ಹೊಡೆದ. ಸರ್ವೇಯರು ಆ ದಿನ ಮೊದಲ ಬಾರಿಗೆ ತಾವೂ ಸಲಾಮು ಹೊಡೆದರು.

ಐದೂವರೆಗೆ ಸರಿಯಾಗಿ ರೈಲು ಬಂತು. ಅತ್ತೆ ಇಳಿದು ಬಂದರು. ಅರವತ್ತೈದು ದಾಟಿದ ಅತ್ತೆಯ ಕಾಲಲ್ಲಿ ಚಪ್ಪಲಿಯ ಬದಲು ಶೂ ಇತ್ತು. ಸರ್ವೇಯರು ಅದನ್ನು ಗಮನಿಸಲಿಲ್ಲ.

"ತಗೊಳ್ಳಿ ಅಳಿಯಂದ್ರೇ, ನಿಮ್ಮ ಸಾಮಾನು," ಎಂದು ಅತ್ತೆ ಚೀಲದಿಂದ ಆ ಹಿಡಿಕೆ ತೆಗೆದು ಕೊಟ್ಟರು. ಆಮೇಲೆ ಅದೇ ಕೈಯನ್ನು ಮುಂದೆ ಚಾಚಿದರು. "ಕೀ ಕೊಡಿ."

"ಯಾವ ಕೀ ಅತ್ತೆ?"

"ಕಾರಿಂದು."

ಚೀಲದಿಂದ ಇನ್ನೊಂದು ವಸ್ತು ಹೊರಗೆ ಬಂತು. ಡ್ರೈವಿಂಗ್ ಲೈಸೆನ್ಸು. ಫೋಟೋದಲ್ಲಿ ಅತ್ತೆ ನಗುತ್ತಿದ್ದರು.

"ಹೋದ ವರ್ಷ ನಿಮ್ಮ ಪಕ್ಕ ಕೂತಾಗ್ಲೇ ತೀರ್ಮಾನ ಮಾಡಿದೆ, ಇನ್ನು ನನ್ನ ಪ್ರಾಣ ಇನ್ನೊಬ್ಬರ ಕೈಲಿ ಕೊಡಲ್ಲ ಅಂತ. ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರ್ದೆ. ನಮ್ಮ ಬ್ಯಾಚಲ್ಲಿ ನಾನೇ ಮೊದಲು ಪಾಸಾಗಿದ್ದು! ನಿಮಗೆ ಹೇಳಬೇಡ ಅಂತ ಮಗಳಿಗೆ ನಾನೇ ಅಂದಿದ್ದೆ. ಎಲ್ಲಾ ಹೊಸದು ಹಾಕಿಸಿದೀರಂತಲ್ಲ, ಬೆರಳಲ್ಲಿ ಓಡಿಸಬಹುದಂತೆ?"

"ಅದು... ಅತ್ತೆ... ಇವತ್ತು ಬೇಡ..."

"ಯಾಕೆ? ನಾನು ಹೆಂಗಸು ಅಂತಾನಾ, ಮುದುಕಿ ಅಂತಾನಾ?"

ನಿಜ ಹೇಳೋಣವೆಂದರೆ ಬೆಳಗ್ಗೆ ಹಾಕಿಸಿದ್ದನ್ನು ಸಂಜೆ ಬಿಚ್ಚಿಸಿದೆ ಎಂದು ಯಾವ ಬಾಯಿಂದ ಹೇಳುವುದು? ಕೀ ಕೈ ಬದಲಾಯಿತು. ಸರ್ವೇಯರು ಅತ್ತೆಯ ಜಾಗದಲ್ಲಿ ಕೂತರು. ಹಿಡಿದುಕೊಳ್ಳಲು ನೋಡಿದರೆ ಆ ಬಾಗಿಲಿಗೆ ಹಿಡಿಕೆಯಿಲ್ಲ. ಕೈಯಲ್ಲಿದ್ದುದನ್ನೇ ಎರಡೂ ಕೈಯಲ್ಲಿ ಎದೆಗವಚಿ ಹಿಡಿದುಕೊಂಡರು.

ಅತ್ತೆ ನಿಜಕ್ಕೂ ಚೆನ್ನಾಗಿ ಕಲಿತಿದ್ದರು. ಬೆನ್ನು ನೆಟ್ಟಗೆ, ಕೈ ನೆಟ್ಟಗೆ, ನೋಟ ನೆಟ್ಟಗೆ. ಕಾರು ಸ್ವಲ್ಪ ಸ್ವಲ್ಪವೇ ಎಡಕ್ಕೆ ಜಾರುತ್ತಿದ್ದಾಗ, "ಹೊಸ ಸಾಮಾನು ನೋಡಿ, ಇನ್ನೂ ಪಳಗಿಲ್ಲ," ಎಂದು ತಾವೇ ಸಮಾಧಾನ ಹೇಳಿಕೊಂಡು ಸರಿಮಾಡಿಕೊಂಡರು.

"ಅತ್ತೆ, ಬಲಕ್ಕೆ ಹಿಡೀರಿ, ಮುಂದೆ ತಗ್ಗಿದೆ, ಬಲಕ್ಕೆ!"

"ಪಕ್ಕ ಕೂತವರು ಮಾತಾಡಬಾರದು ಅಂತ ನಮ್ಮ ಸ್ಕೂಲಲ್ಲಿ ಮೊದಲನೇ ದಿನಾನೇ ಹೇಳಿದಾರೆ," ಎಂದರು ಅತ್ತೆ.

ಚಕ್ರ ತಗ್ಗಿಗಿಳಿಯಿತು. ಕಾರು ಕೊಟ್ಟಿಗೆ ಕಂಡಿತು. ಈ ಸಲ ಜಗ್ಗಿ ಹಿಡಿಯುವ ಕೈ ಇರಲಿಲ್ಲ. ಮೊಳಕಾಲೆತ್ತರದ ತಗಡಿನ ಬೇಲಿಯನ್ನು ಮಲಗಿಸಿ, ಹಳೆಯ ಫ್ರಿಜ್ಜುಗಳ ನಡುವೆ ನುಸುಳಿ, ಲಾರಿ ತೂಗುವ ಕಬ್ಬಿಣದ ಹಲಗೆಯ ಸರಿಯಾದ ನಡುಮಧ್ಯಕ್ಕೆ ಹೋಗಿ ಕಟಕ್ಕೆಂದು ನಿಂತಿತು. ಬಾಲ್ ಜಾಯಿಂಟ್ ಮುರಿದು ಎಡಗಡೆಯ ಚಕ್ರ ಹೊರಕ್ಕೆ ಮಗುಚಿಕೊಂಡಿತು. ಹಿಂದಿನ ಸೀಟಿನ ಡಬ್ಬಗಳು ಉರುಳಿ ಬಂದು ಅತ್ತೆಯ ಕಾಲಬಳಿ ಬಾಯಿ ಬಿಟ್ಟವು.

ಅತ್ತೆ ಒಂದು ಹೊಳೆಯುವ ಕೀಲು ಎತ್ತಿ ತಿರುಗಿಸಿ ನೋಡಿದರು. "ಅಳಿಯಂದ್ರೇ, ಹೊಸ ಸಾಮಾನು ಇಲ್ಲಿದ್ರೆ ಚಕ್ರಕ್ಕೆ ಹಾಕಿರೋದೇನು?"

ಸರ್ವೇಯರು ಬಾಯಿ ತೆರೆಯುವ ಮೊದಲೇ ಫೋನು ಬಡಿದುಕೊಂಡಿತು. ಹೆಂಡತಿ.

"ಏನ್ರೀ, ಹೊರಟ್ರಾ? ಅಮ್ಮ ಹೆದರಿದ್ರಾ?"

"ಇಲ್ಲ," ಎಂದರು ಸರ್ವೇಯರು. ಅದು ನಿಜವೇ ಆಗಿತ್ತು. "ಅವರು ಒಂಚೂರೂ ಹೆದರಲಿಲ್ಲ."

"ಅಬ್ಬಾ! ಹಾಗಾದ್ರೆ ನಿಮ್ಮ ಕಾರು ಉಳೀತು ಬಿಡಿ. ಈಗ ಎಲ್ಲಿದ್ದೀರಿ?"

ಸರ್ವೇಯರು ಸುತ್ತ ನೋಡಿದರು. ಗುಜರಿಯವನು ಆಗಲೇ ಕನ್ನಡಕ ಹಾಕಿಕೊಂಡು ತೂಕದ ಅಂಕಿಗಳ ಮುಂದೆ ಬಗ್ಗಿದ್ದ. ಕಿಟಕಿಯ ಹತ್ತಿರ ಬಂದು ವಿನಯದಿಂದ ಸಲಾಮು ಹೊಡೆದ.

"ಇಬ್ರೂ ಒಂದು ನಿಮಿಷ ಇಳೀರಿ ಸಾರ್," ಎಂದ. "ಸರಿಯಾದ ತೂಕ ಸಿಗುತ್ತೆ."